ಅವನಲ್ಲ ಇವನು: ಅಂಧೇರಿಯ ಒಂದು ನಗೆಗತೆಯ ಪೂರ್ವೋತ್ತರ

ಹಿಂದಿ ಚಿತ್ರರಂಗದಲ್ಲಿ ಅಸಿತ್ ಸೇನ್ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬರು 'ಮಮತಾ' (1966), 'ಖಾಮೋಶಿ' (1969), 'ಸಫರ್' (1970) ಮೊದಲಾದ ಗಂಭೀರ ಚಿತ್ರಗಳ ನಿರ್ದೇಶಕರು. ಇನ್ನೊಬ್ಬರು ಸ್ಥೂಲಕಾಯದ, ಒಂದೊಂದು ಪದವನ್ನೂ ಎಳೆದೆಳೆದು ಆಡುತ್ತಿದ್ದ ಹಾಸ್ಯನಟರು. ಇಷ್ಟಕ್ಕೇ ನಿಂತಿದ್ದರೆ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ. ಆದರೆ ಈ ಹಾಸ್ಯನಟರೂ ಒಂದು ಕಾಲಕ್ಕೆ 'ಪರಿವಾರ್' (1956), 'ಅಪರಾಧಿ ಕೌನ್?' (1957) ಎಂಬೆರಡು ಚಿತ್ರಗಳನ್ನು ನಿರ್ದೇಶಿಸಿದ್ದರು. ಹೀಗಾಗಿ ಒಬ್ಬರ ಕೀರ್ತಿ ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾಗುವುದು ಇಂದಿಗೂ ತಪ್ಪಿಲ್ಲ. ವಿಧಿಯ ಪರಿಹಾಸ್ಯವೆಂದರೆ, ಹಾಸ್ಯನಟ ಅಸಿತ್ ಸೇನರು 1968ರಲ್ಲಿ ತೆರೆಕಂಡ 'ದೋ ದೂನಿ ಚಾರ್' ಚಿತ್ರದಲ್ಲಿ ಒಂದೇ ಹೆಸರಿನ, ಒಂದೇ ಮೋರೆಯ ಇಬ್ಬರು ಸೇವಕರ ಪಾತ್ರವನ್ನು ತಾವೊಬ್ಬರೇ ವಹಿಸಿದರು. ಅವರ ಧಣಿಗಳಾಗಿ, ಅವರೂ ಅವಳಿಗಳೇ, ಕಿಶೋರ್ ಕುಮಾರ್ ಅಭಿನಯಿಸಿದರು.

ಆ ಚಿತ್ರವನ್ನು ನಿರ್ಮಿಸಿದ್ದು ಬಿಮಲ್ ರಾಯ್ ಪ್ರೊಡಕ್ಷನ್ಸ್. ಆ ಸಂಸ್ಥೆಯ ನೆಲೆ ನಮ್ಮ ಅಂಧೇರಿಯ ಮೋಹನ್ ಸ್ಟುಡಿಯೊ. 'ಮುಘಲ್-ಎ-ಆಜಮ್' (1960) ಚಿತ್ರದ ಶೀಶಮಹಲು ಎದ್ದುನಿಂತದ್ದೂ ಅದೇ ಆವರಣದಲ್ಲಿ. ಇಂದು ಅಂಧೇರಿ–ಕುರ್ಲಾ ರಸ್ತೆಯಲ್ಲಿ ಮೆಟ್ರೊ ರೈಲಿನ ಕಂಬಗಳ ನೆರಳಿನಲ್ಲಿ ನಡೆಯುವ ನಮಗೆ ಆ ಸ್ಟುಡಿಯೊದ ಗುರುತು ಸಿಗುವುದಿಲ್ಲ. ಪ್ರಕಾಶ್ ಸ್ಟುಡಿಯೊ ಇಲ್ಲ, ಮೋಹನ್ ಇಲ್ಲ, ನಟರಾಜ್ ಸ್ಟುಡಿಯೊ ಇದ್ದೆಡೆ ಕಚೇರಿಗಳ ಕಟ್ಟಡ ನಿಂತಿದೆ. ಸ್ಥಳಗಳಿಗೂ ಗುರುತು ತಪ್ಪುತ್ತದೆ. ಈ ಬರಹದಲ್ಲಿ ನಾವು ಹಿಂಬಾಲಿಸಹೊರಟಿರುವುದು ಮೋಹನ್ ಸ್ಟುಡಿಯೊದ ಆ ಸಂಸ್ಥೆ ಹಿಂದಿಗೆ ತಂದ, ಮುಂದೆ 1982ರಲ್ಲಿ 'ಅಂಗೂರ್' ಎಂಬ ಹೆಸರಿನಿಂದ ಮನೆಮಾತಾದ ಒಂದು ನಗೆಗತೆಯನ್ನು. ಅದರ ದಾರಿಯಲ್ಲಿ ಕನ್ನಡದ ಹೆಜ್ಜೆಗುರುತುಗಳೂ ಇವೆ. ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರು ಆ ಕಥೆಯನ್ನು ನೋಡಿ ನಗುವಾಗ ಒಂದು ಕ್ಷಣ ತಡೆಯಬೇಕಾದ ಕಾರಣವೂ ಇದೆ.

ಕಥೆಯ ತಿರುಳು ಸರಳ. ಅವಳಿ ಗಂಡುಮಕ್ಕಳು, ಅವರ ಸೇವೆಗೆಂದು ತಂದುಕೊಂಡ ಮತ್ತೊಂದು ಜೋಡಿ ಅವಳಿಗಳು. ಹಡಗು ಒಡೆದು ಈ ನಾಲ್ವರು ಎರಡು ಪಾಲಾಗುತ್ತಾರೆ. ಬೆಳೆದ ಮೇಲೆ ಒಬ್ಬ ಧಣಿ, ತನ್ನ ಆಳಿನೊಡನೆ, ತನ್ನ ಸೋದರನಿರುವ ಊರಿಗೇ ಅರಿಯದೆ ಬಂದಿಳಿಯುತ್ತಾನೆ. ಕಾಣದ ಊರಿನಲ್ಲಿ ಎಲ್ಲರೂ ಇವನ ಹೆಸರು ಹಿಡಿದು ಕರೆಯುತ್ತಾರೆ. ಯಾರೋ ಒಬ್ಬಳು ಗಂಡನೆಂದು ಊಟಕ್ಕೆ ಎಳೆದೊಯ್ಯುತ್ತಾಳೆ. ಅಕ್ಕಸಾಲಿಗ ಕೇಳದ ಒಡವೆಯನ್ನು ಕೈಗಿಡುತ್ತಾನೆ. ಆ ಒಡವೆಯ ಹಣಕ್ಕಾಗಿ ಊರಿನ ಸೋದರನನ್ನು ಹಿಡಿಸಿ ಕೈಗೆ ಬೇಡಿ ತೊಡಿಸುತ್ತಾನೆ. ಕಳವು ನಡೆದಿರುವುದಿಲ್ಲ, ಮೋಸವೂ ನಡೆದಿರುವುದಿಲ್ಲ. ಆದರೂ ಫಿರ್ಯಾದಿಯಿದ್ದಾನೆ, ಆರೋಪಿಯಿದ್ದಾನೆ, ಸಾಕ್ಷಿಗಳಿದ್ದಾರೆ, ಮಾಲೂ ಇದೆ. ಎಲ್ಲರೂ ಹೇಳುತ್ತಿರುವುದು ಸತ್ಯ. ಕೂಡಿಸಿದರೆ ಮಾತ್ರ ಸುಳ್ಳು.

ಇದರ ಮೂಲವನ್ನು ಅರಸುತ್ತ ಹೋದರೆ ಎರಡು ಸಾವಿರ ವರ್ಷಗಳ ಹಿಂದಿನ ರೋಮಿಗೆ ಹೋಗಬೇಕು. ಪ್ಲಾಟಸ್ ಎಂಬ ನಾಟಕಕಾರನ 'ಮಿನೇಕ್ಮಿ'ಯಲ್ಲಿ ಅವಳಿಗಳ ಜೋಡಿ ಒಂದೇ ಇತ್ತು. ಷೇಕ್ಸ್‌ಪಿಯರ್ ಸೇವಕರನ್ನೂ ಅವಳಿಗಳಾಗಿಸಿ ಗೊಂದಲವನ್ನು ಇಮ್ಮಡಿಸಿದ. ಅವನ ನಾಟಕಗಳಲ್ಲೆಲ್ಲ ಅತ್ಯಂತ ಚಿಕ್ಕದಾದ 'ದಿ ಕಾಮೆಡಿ ಆಫ್ ಎರರ್ಸ್' 1594ರ ಡಿಸೆಂಬರ್ 28ರ ರಾತ್ರಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಪ್ರಯೋಗಗೊಂಡಿತು. ಗ್ರೇಸ್ ಇನ್ ಎಂದರೆ ವಕೀಲರ, ಕಾನೂನು ಕಲಿಯುವವರ ವಸತಿ. ಅಂದು ಜನ ಮಿತಿಮೀರಿ ಸೇರಿ ಎಲ್ಲವೂ ಅಸ್ತವ್ಯಸ್ತವಾಯಿತು. ಆ ರಾತ್ರಿಗೆ 'ತಪ್ಪುಗಳ ರಾತ್ರಿ' ಎಂದೇ ಹೆಸರಾಯಿತು. ಇಷ್ಟೆಲ್ಲ ಗೊಂದಲಕ್ಕೆ ಯಾರೋ ಮಾಟಗಾರನೇ ಕಾರಣನೆಂದು ಆ ಕಾನೂನು ವಿದ್ಯಾರ್ಥಿಗಳು ಬಳಿಕ ಒಂದು ಅಣಕು ವಿಚಾರಣೆಯನ್ನೂ ನಡೆಸಿದರು. ಅಪರಾಧವಿಲ್ಲದ ಅಪರಾಧಕಥೆಗೆ ಇದಕ್ಕಿಂತ ತಕ್ಕ ಪ್ರೇಕ್ಷಕರು ಸಿಕ್ಕಾರೆ?

ಇಂಥ ವಿನೋದ ನಮ್ಮ ನೆಲಕ್ಕೆ ಹೊಸತಾಗಿರಲಿಲ್ಲ. ಕಾಳಿದಾಸನ ಶಾಕುಂತಲದ ಆರನೆಯ ಅಂಕದ ಆರಂಭವನ್ನು ನೆನೆಯೋಣ. ಮೀನಿನ ಹೊಟ್ಟೆಯಲ್ಲಿ ಸಿಕ್ಕ ರಾಜಮುದ್ರೆಯ ಉಂಗುರವನ್ನು ಮಾರಲು ಬಂದ ಬೆಸ್ತನನ್ನು ಕಾವಲುಗಾರರು ಕಳ್ಳನೆಂದು ಹಿಡಿದು, ಹೊಡೆದು, ಗಲ್ಲಿನ ಮಾತಾಡುತ್ತ ಎಳೆತರುತ್ತಾರೆ. ಅರಮನೆಯಿಂದ ಬಹುಮಾನ ಬಂದೊಡನೆ ಅದೇ ಕಾವಲುಗಾರರು ಅವನ ಗೆಳೆಯರಾಗಿ ಹೆಂಡದಂಗಡಿಯತ್ತ ನಡೆಯುತ್ತಾರೆ. ಅಲ್ಲಿ ಅರಸ ಮಡದಿಯ ಗುರುತು ಮರೆತ. ಏಟು ತಿಂದವನು ಬೆಸ್ತ. ಈ ಅಂಶವನ್ನು ನಾವು ಮುಂದಕ್ಕೆಂದು ನೆನಪಿನಲ್ಲಿಡಬೇಕು.

ಶಾಕುಂತಲವನ್ನು ಚುರಮುರಿ ಶೇಷಗಿರಿರಾಯರು ಧಾರವಾಡ ಸೀಮೆಯ ಕನ್ನಡಕ್ಕೆ ತಂದ ಕಾಲವೇ, ಅಂದರೆ 1870ರ ಆಸುಪಾಸೇ, ಷೇಕ್ಸ್‌ಪಿಯರನೂ ಕನ್ನಡಕ್ಕೆ ಬಂದ ಕಾಲ. ಅವನು ರಾಜಗಾಂಭೀರ್ಯದ ಹ್ಯಾಮ್ಲೆಟ್ಟಿನೊಡನೆ ಬರಲಿಲ್ಲ, ಈ ಅವಳಿಗಳ ಕೈಹಿಡಿದು ಬಂದ. 1871ರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಈ ನಾಟಕವನ್ನು ಗದ್ಯಕಥೆಯಾಗಿ ಕನ್ನಡಿಸಿದರು. ಅದಕ್ಕೆ ಅವರು ಇಟ್ಟ ಹೆಸರು 'ನಗದವರನ್ನು ನಗಿಸುವ ಕಥೆ'. ಸಂಸ್ಕೃತದ ಬಿಗುವಾಗಲಿ ಇಂಗ್ಲಿಷಿನ ನೆರಳಾಗಲಿ ಇಲ್ಲದ, ಹುಬ್ಬಳ್ಳಿ–ಧಾರವಾಡದ ಕಟ್ಟೆಯ ಮೇಲೆ ಕುಳಿತವನೊಬ್ಬ ಇಟ್ಟಂತಿರುವ ಹೆಸರು.

ಚನ್ನಬಸಪ್ಪನವರ ಹೆಸರಿಗಂಟಿದ 'ಡೆಪ್ಯುಟಿ' ಎಂಬುದು ಅವರ ಹುದ್ದೆ. ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಅಧಿಕಾರಿಗಳಾಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರಗಳು ಅಂದು ಮುಂಬಯಿ ಸರಕಾರದ ಆಡಳಿತದಲ್ಲಿದ್ದವು. ಇಲಾಖೆಯ ಕಾಗದಪತ್ರಗಳೆಲ್ಲ ಈ ನಗರದತ್ತಲೇ ಮುಖಮಾಡಿದ್ದವು. ಆ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡ ನುಡಿಯುವ ಮಕ್ಕಳು ಶಾಲೆಯಲ್ಲಿ ಮರಾಠಿ ಓದುತ್ತಿದ್ದರು. ಅವರು ಕನ್ನಡದವರೆಂಬುದನ್ನು ಸರಕಾರಕ್ಕೆ ಮನಗಾಣಿಸಿ, ಮರಾಠಿ ಶಾಲೆಗಳಿದ್ದೆಡೆ ಕನ್ನಡ ಶಾಲೆಗಳು ನೆಲೆಯೂರುವಂತೆ ಮಾಡುವುದರಲ್ಲಿ ಚನ್ನಬಸಪ್ಪನವರು ತಮ್ಮ ಅಧಿಕಾರವನ್ನು ಸವೆಸಿದರು. ಆ ಶಾಲೆಗಳಿಗೆ ಪುಸ್ತಕಗಳು ಬೇಕಿದ್ದವು. ಕನ್ನಡ ಓದುವುದು ಸುಖದ ಕೆಲಸವೆಂದು ತೋರಿಸುವ ಪುಸ್ತಕಗಳು ಇನ್ನೂ ಹೆಚ್ಚಾಗಿ ಬೇಕಿದ್ದವು. ಒಂದು ನಾಡಿನ ಮಕ್ಕಳನ್ನೇ ಬೇರೆಯವರೆಂದು ತಪ್ಪಾಗಿ ಗುರುತಿಸಿದ್ದ ಕಾಲದಲ್ಲಿ, ಆ ತಪ್ಪನ್ನು ತಿದ್ದಲು ದುಡಿದವರೇ ತಪ್ಪುಗುರುತಿನ ನಗೆಗತೆಯೊಂದನ್ನು ಆರಿಸಿಕೊಂಡದ್ದನ್ನು ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ಆದರೂ ಅದು ಅರ್ಥವಂತ ಕಾಕತಾಳೀಯ.

ಅತ್ತ ಕಲ್ಕತ್ತೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಎರಡು ವರ್ಷ ಮೊದಲೇ, 1869ರಲ್ಲಿ, ಇದೇ ನಾಟಕವನ್ನು 'ಭ್ರಾಂತಿವಿಲಾಸ'ವೆಂಬ ಬಂಗಾಳಿ ಗದ್ಯಕಥೆಯಾಗಿ ಬರೆದಿದ್ದರು. ವಿಧವಾವಿವಾಹಕ್ಕಾಗಿ ಹೋರಾಡಿದ ಆ ಗಂಭೀರ ಪಂಡಿತರು ನಗೆಗತೆ ಬರೆದದ್ದು ಹಲವರಿಗೆ ಅಚ್ಚರಿಯ ಸಂಗತಿ. ಆಂಟಿಫೋಲಸರು ಅಲ್ಲಿ ಚಿರಂಜೀವರಾದರು, ಡ್ರೋಮಿಯೊಗಳು ಕಿಂಕರರಾದರು, ಸಿರಾಕ್ಯೂಸ್ ಹೇಮಕೂಟವಾಯಿತು, ಎಫೆಸಸ್ ಜಯಸ್ಥಲವಾಯಿತು. ಬಂಕಿಮಚಂದ್ರರನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಬಿ. ವೆಂಕಟಾಚಾರ್ಯರು ಇದನ್ನೂ 1870ರ ದಶಕದಲ್ಲಿ ಕನ್ನಡಕ್ಕೆ ತಂದರು. ಹೀಗೆ ಒಂದೇ ದಶಕದಲ್ಲಿ ಒಂದೇ ಕಥೆಗೆ ಕನ್ನಡದಲ್ಲಿ ಎರಡು ಅವತಾರಗಳು: ಒಂದು ಮುಂಬಯಿ ಪ್ರಾಂತದ ಕನ್ನಡದಲ್ಲಿ ಇಂಗ್ಲಿಷಿನಿಂದ, ಇನ್ನೊಂದು ಮೈಸೂರು ಸೀಮೆಯ ಕನ್ನಡದಲ್ಲಿ ಬಂಗಾಳಿಯಿಂದ. ಅವಳಿಗಳ ಕಥೆಗೇ ಅವಳಿ ಹುಟ್ಟಿತು.

ಬಂಗಾಳಿಯ ಕವಲು 1963ರಲ್ಲಿ ಬೆಳ್ಳಿತೆರೆಗೆ ಬಂತು. ಉತ್ತಮ್ ಕುಮಾರ್ ಮತ್ತು ಭಾನು ಬಂದ್ಯೋಪಾಧ್ಯಾಯರು ನಟಿಸಿದ 'ಭ್ರಾಂತಿಬಿಲಾಸ್' ವಿದ್ಯಾಸಾಗರರ ಕಥೆಯನ್ನು ಆಧರಿಸಿತ್ತು. ಐದು ವರ್ಷಗಳ ಬಳಿಕ ಬಂದ 'ದೋ ದೂನಿ ಚಾರ್' ಅದೇ ಕಥೆಯನ್ನು ಹಿಂದಿಯಲ್ಲಿ ಹೇಳಿತು. ಇದನ್ನು ಮಾಡಿದವರು ಯಾರೆಂಬುದನ್ನು ಇಲ್ಲಿ ಗಮನಿಸಬೇಕು. ಬಿಮಲ್ ರಾಯರು ಢಾಕಾ ಸೀಮೆಯಲ್ಲಿ ಹುಟ್ಟಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ ಪಳಗಿ, ಆ ಸಂಸ್ಥೆ ಇಳಿಮುಖವಾದಾಗ ತಮ್ಮ ಬಳಗವನ್ನು ಕಟ್ಟಿಕೊಂಡು ಮುಂಬಯಿಗೆ ಬಂದವರು. 'ದೋ ಬಿಘಾ ಜಮೀನ್' (1953) ಚಿತ್ರದಲ್ಲಿ ಹೊಲ ಉಳಿಸಿಕೊಳ್ಳಲು ನಗರಕ್ಕೆ ಬಂದು ರಿಕ್ಷಾ ಎಳೆಯುವ ರೈತನ ಕಥೆ ಹೇಳಿದವರು. 'ಮಧುಮತಿ'ಯಲ್ಲಿ (1958) ಮುಖಸಾಮ್ಯವನ್ನೇ ಅಪರಾಧಿಯ ಬಾಯಿಬಿಡಿಸುವ ಸಾಧನವಾಗಿಸಿದವರು: ಸತ್ತವಳಂತೆಯೇ ಕಾಣುವ ಇನ್ನೊಬ್ಬ ಹೆಣ್ಣು ಎದುರು ನಿಂತಾಗ ಕೊಲೆಗಾರನ ಧೈರ್ಯ ಕುಸಿಯುತ್ತದೆ. ಅಂದರೆ ತಪ್ಪುಗುರುತು ಮತ್ತು ಅಪರಾಧದ ನಂಟು ಮೋಹನ್ ಸ್ಟುಡಿಯೊದ ಆ ಕಚೇರಿಗೆ ಹೊಸತಾಗಿರಲಿಲ್ಲ. ಅದನ್ನು ನಗೆಯಾಗಿ ತಿರುಗಿಸುವುದಷ್ಟೇ ಬಾಕಿಯಿತ್ತು.

1966ರ ಜನವರಿಯಲ್ಲಿ ಬಿಮಲ್ ರಾಯರು ತೀರಿಕೊಂಡರು. 'ದೋ ದೂನಿ ಚಾರ್' ಹೊರಬಂದದ್ದು ಅವರ ನಿಧನಾನಂತರ, ದೇಬು ಸೇನರ ನಿರ್ದೇಶನದಲ್ಲಿ. ಚಿತ್ರಕಥೆ ಬರೆದವರು ಗುಲ್ಜಾರ್. ಈಗ ಪಾಕಿಸ್ತಾನದಲ್ಲಿರುವ ದೀನಾ ಎಂಬ ಊರಿನಲ್ಲಿ ಸಂಪೂರಣ್ ಸಿಂಗ್ ಕಾಲ್ರಾ ಆಗಿ ಹುಟ್ಟಿ, ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡ ಕುಟುಂಬದವರು. ಮುಂಬಯಿಯ ಗ್ಯಾರೇಜೊಂದರಲ್ಲಿ ಕಾರುಗಳ ಬಣ್ಣ ಹೊಂದಿಸುತ್ತಿದ್ದವರು. 'ಬಂದಿನಿ'ಯ (1963) ಒಂದು ಹಾಡಿನ ಮೂಲಕ ಬಿಮಲ್ ರಾಯರ ಬಳಗ ಸೇರಿದವರು. ಚಿತ್ರ ಓಡಲಿಲ್ಲ. ಆದರೆ ಕಥೆ ಗುಲ್ಜಾರರನ್ನು ಬಿಡಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ, ಈ ಬಾರಿ ತಾವೇ ನಿರ್ದೇಶಕರಾಗಿ, ಸಂಜೀವ್ ಕುಮಾರ್ ಮತ್ತು ದೇವೇನ್ ವರ್ಮಾರನ್ನಿಟ್ಟುಕೊಂಡು ಅದನ್ನೇ ಮತ್ತೆ ಮಾಡಿದರು. ಅದೇ 'ಅಂಗೂರ್'. ಬಹಾದ್ದೂರನೆಂಬ ಇಬ್ಬರು ಆಳುಗಳಾಗಿ ದೇವೇನ್ ವರ್ಮಾ ಫಿಲ್ಮ್‌ಫೇರ್ ಪ್ರಶಸ್ತಿಯನ್ನೂ ಪಡೆದರು.

'ಅಂಗೂರ್' ಏಕೆ ಗೆದ್ದಿತೆಂಬ ಪ್ರಶ್ನೆಗೆ ನಮಗೆ ತೋರುವ ಉತ್ತರ ಒಂದು ಸಣ್ಣ ಬದಲಾವಣೆಯಲ್ಲಿದೆ. ಷೇಕ್ಸ್‌ಪಿಯರನ ನಾಟಕದಲ್ಲಿ ಹೊಸ ಊರಿಗೆ ಬಂದ ಧಣಿಗೆ, ಕಾಣದವರೆಲ್ಲ ತನ್ನ ಹೆಸರು ಹಿಡಿದು ಕರೆಯುವಾಗ, ಈ ಊರು ಮಾಟಗಾತಿಯರ ಬೀಡೆಂಬ ಭಯ ಹುಟ್ಟುತ್ತದೆ. 1982ರ ಭಾರತೀಯ ನಗರವಾಸಿ ಪ್ರೇಕ್ಷಕನಿಗೆ ಆ ಭಯವನ್ನು ಹೇಗೆ ನಂಬಿಸುವುದು? ಗುಲ್ಜಾರ್ ಆ ಅಶೋಕನ ಕೈಗೊಂದು ಪತ್ತೇದಾರಿ ಕಾದಂಬರಿಯನ್ನಿತ್ತರು. ದ್ರಾಕ್ಷಿತೋಟ ಕೊಳ್ಳಲೆಂದು ಲಕ್ಷ ರೂಪಾಯಿ ಹೊತ್ತು ಬಂದ ಈ ಅಶೋಕ ಹಗಲಿರುಳು ಪತ್ತೇದಾರಿ ಓದುವವನು. ಯಾರಾದರೂ ನಕ್ಕರೆ, ಹೆಸರು ಹಿಡಿದು ಕರೆದರೆ, ಊಟಕ್ಕೆ ಕರೆದರೆ, ಅವನಿಗೆ ಒಂದೇ ಅರ್ಥ: ಇದೊಂದು ಗ್ಯಾಂಗು, ತನ್ನ ಹಣದ ಮೇಲೆ ಕಣ್ಣಿಟ್ಟಿದೆ. ಮಾಟದ ಜಾಗದಲ್ಲಿ ಗ್ಯಾಂಗು ಬಂದು ಕುಳಿತಿತು. ಹಳೆಯ ಪ್ರಹಸನ ಒಂದೇ ಹೊಡೆತಕ್ಕೆ ನಮ್ಮ ಕಾಲದ ಅಪರಾಧವಿನೋದವಾಯಿತು.

ಇದರ ಸೊಗಸು ಏನೆಂದರೆ, ಚಿತ್ರದುದ್ದಕ್ಕೂ ಆ ಊರಿನವರು ಅಶೋಕನ ಮೇಲೆ ತೋರುವುದು ಪ್ರೀತಿಯನ್ನೇ. ಮೌಸುಮಿ ಚಟರ್ಜಿಯ ಸುಧಾ ಅವನನ್ನು ಗಂಡನೆಂದು ಗದರುತ್ತಾಳೆ. ದೀಪ್ತಿ ನವಲ್‌ರ ತನು ಭಾವನೆಂದು ಕಳವಳಪಡುತ್ತಾಳೆ. ಬಹಾದ್ದೂರನ ಮಡದಿ ಪ್ರೇಮಾ, ಅರುಣಾ ಇರಾನಿ, ಅಡುಗೆಮನೆಯಿಂದಲೇ ಹಕ್ಕು ಚಲಾಯಿಸುತ್ತಾಳೆ. ಅವನಿಗೆ ಅದೆಲ್ಲವೂ ಸಂಚಾಗಿ ಕಾಣುತ್ತದೆ. ಪರಊರಿಗೆ ಬಂದವನಿಗೆ ಅಪರಿಚಿತರ ಸಿಟ್ಟು ಅರ್ಥವಾಗುತ್ತದೆ, ಅಪರಿಚಿತರ ಅಕ್ಕರೆ ಅರ್ಥವಾಗುವುದಿಲ್ಲ. ಊರಿಂದ ಮೊದಲ ಬಾರಿಗೆ ಮುಂಬಯಿಗೆ ಹೊರಟಾಗ ನಮ್ಮ ಹಿರಿಯರು ನಮಗೆ ಹೇಳಿ ಕಳಿಸುತ್ತಿದ್ದುದೂ ಅದೇ ಅಲ್ಲವೆ? ಯಾರು ಕರೆದರೂ ಹೋಗಬೇಡ, ಯಾರು ಕೊಟ್ಟರೂ ತಿನ್ನಬೇಡ, ಹಣವನ್ನು ಒಳಜೇಬಿನಲ್ಲಿಡು. 'ಅಂಗೂರ್'ದ ಅಶೋಕ ಆ ಬುದ್ಧಿವಾದವನ್ನು ಅಕ್ಷರಶಃ ಪಾಲಿಸಿದವನು. ಅದಕ್ಕೇ ಅವನನ್ನು ಕಂಡರೆ ನಮಗೆ ಅಷ್ಟು ನಗು.

ಆದರೆ ಈ ಹಗುರತನಕ್ಕೆ ಒಂದು ಬೆಲೆ ತೆರಲಾಗಿದೆ. ಷೇಕ್ಸ್‌ಪಿಯರನ ನಾಟಕ ಆರಂಭವಾಗುವುದು ನಗೆಯಿಂದಲ್ಲ, ಮರಣದಂಡನೆಯಿಂದ. ಎಫೆಸಸ್ ಮತ್ತು ಸಿರಾಕ್ಯೂಸ್ ನಗರಗಳ ನಡುವೆ ವೈರ ಬೆಳೆದು, ಒಂದರ ವರ್ತಕ ಇನ್ನೊಂದರಲ್ಲಿ ಕಂಡರೆ ತಲೆದಂಡವೆಂಬ ಕಾನೂನಾಗಿದೆ. ಕಳೆದುಹೋದ ಮಕ್ಕಳನ್ನರಸುತ್ತ ಬಂದ ಮುದುಕ ತಂದೆ ಈಜಿಯನ್ ಸಿಕ್ಕಿಬೀಳುತ್ತಾನೆ. ಅವನು ಮಾಡಿದ ಅಪರಾಧ ಒಂದೇ: ಹೊರಗಿನವನಾಗಿರುವುದು. ಸಾವಿರ ಮಾರ್ಕುಗಳ ದಂಡ ಕಟ್ಟಬೇಕು, ಇಲ್ಲವೆ ಸಂಜೆಗೆ ಸಾಯಬೇಕು. ಅದೇ ದಿನ ಊರಿಗೆ ಬಂದ ಮಗನಿಗೆ ವರ್ತಕನೊಬ್ಬ ಕಿವಿಮಾತು ಹೇಳುತ್ತಾನೆ: ಯಾವ ಊರೆಂದು ಕೇಳಿದರೆ ಸಿರಾಕ್ಯೂಸ್ ಎನ್ನಬೇಡ, ಬೇರೊಂದು ಊರಿನ ಹೆಸರು ಹೇಳು. ಗುರುತು ತಪ್ಪುವ ಆಟ ಮೊದಲಾಗುವುದು ಹೀಗೆ, ಜೀವಭಯದಿಂದ ಗುರುತನ್ನು ಮರೆಮಾಚುವ ಸಲಹೆಯಿಂದ. ವಿದ್ಯಾಸಾಗರರು ಈ ಭಾಗವನ್ನು ಬಿಡಲಿಲ್ಲ. ಅವರ ಸೋಮದತ್ತನೂ ಜಯಸ್ಥಲದಲ್ಲಿ ಅದೇ ದಂಡನೆಗೆ ಗುರಿಯಾಗುತ್ತಾನೆ. 'ಅಂಗೂರ್'ದಲ್ಲಿ ಆ ದಂಡನೆಯಿಲ್ಲ, ಆ ಕಾನೂನೂ ಇಲ್ಲ. ಹೊರಗಿನವನ ಭಯ ಅಶೋಕನ ತಲೆಯೊಳಗಿನ ಭ್ರಮೆಯಾಗಿ ಮಾತ್ರ ಉಳಿದಿದೆ.

ಈಗ 'ದೋ ದೂನಿ ಚಾರ್' ಬಂದ ವರ್ಷಗಳ ಮುಂಬಯಿಯನ್ನು ನೆನೆಯೋಣ. 1966ರ ಜೂನ್‌ನಲ್ಲಿ ಶಿವಸೇನೆ ಸ್ಥಾಪನೆಯಾಯಿತು. ಅದರ ಮೊದಲ ವರ್ಷಗಳ ಚಳವಳಿಯ ಗುರಿ ದಕ್ಷಿಣ ಭಾರತದಿಂದ ಬಂದು ಇಲ್ಲಿ ನೌಕರಿ, ವ್ಯಾಪಾರ ಹಿಡಿದವರು. 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಕಂಪನಿಗಳ ಅಧಿಕಾರಿಗಳ ಹೆಸರುಗಳ ಪಟ್ಟಿಗಳು ಅಚ್ಚಾದವು. ಹೆಸರು ಓದಿದರೆ ಸಾಕು, ಮನುಷ್ಯ ಎಲ್ಲಿಯವನೆಂದು ತೀರ್ಮಾನವಾಗುತ್ತಿತ್ತು. 'ಲುಂಗಿ ಹಟಾವೋ' ಎಂಬ ಕೂಗು ಕೇಳಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿವಿವಾದದ ಹೆಸರಿನಲ್ಲಿ ನಗರದಲ್ಲಿ ಗಲಭೆ ಭುಗಿಲೆದ್ದಿತು. ಒಂದು ಶತಮಾನದ ಹಿಂದೆ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಸೀಮೆಯ ಪ್ರಶ್ನೆ ಈ ನಗರದ ಬೀದಿಗೆ ಬಂದು ನಿಂತಿತ್ತು.

ಆ ದಿನಗಳ ವಿಚಿತ್ರವೆಂದರೆ, ಗುರುತು ಹಿಡಿಯಲು ಹೊರಟವರಿಗೂ ಗುರುತು ಸರಿಯಾಗಿ ಸಿಕ್ಕಿರಲಿಲ್ಲ. ಅವರ ಬಾಯಲ್ಲಿ ವಿಂಧ್ಯದಿಂದ ಕೆಳಗಿನವರೆಲ್ಲ 'ಮದ್ರಾಸಿ'ಗಳು. ಕುಂದಾಪುರದವನೂ ಮದ್ರಾಸಿ, ಪಾಲಕ್ಕಾಡಿನವನೂ ಮದ್ರಾಸಿ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವನೂ ಮದ್ರಾಸಿ. ಮದ್ರಾಸನ್ನು ಎಂದೂ ಕಾಣದವನು ಮದ್ರಾಸಿಯೆಂದು ಬೈಸಿಕೊಳ್ಳುವುದು ಪ್ರಹಸನವೇ ಸರಿ, ಆದರೆ ಅದನ್ನು ರಂಗದ ಕೆಳಗೆ ಕುಳಿತು ನೋಡುವವರಿಗೆ ಮಾತ್ರ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ, ಬಾಗಿಲ ಬಳಿ ಮೇಜು ಒರೆಸುವ ಮಾಣಿಗೆ, ಅದು ಈಜಿಯನ್ನನ ಕಥೆ. ಹೊರಗಿನವರ ಮೇಲಿನ ಕೋಪ ನಗರದ ಬೀದಿಯಲ್ಲೇ ಇದ್ದಾಗ, ಹೊರಗಿನಿಂದ ಬಂದವರೇ ಕಟ್ಟಿದ ಸಂಸ್ಥೆಯೊಂದು ಇದೇ ನಾಟಕವನ್ನು ಕೈಗೆತ್ತಿಕೊಂಡಿತ್ತು. ಅದೇ ಕಥೆ ಇದೇ ನಗರದಲ್ಲಿ ಮತ್ತೆ ಮರಳಿ ಜನಪ್ರಿಯವಾದಾಗ ಆ ಮೊದಲ ದೃಶ್ಯವಿರಲಿಲ್ಲ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ನಗಿಸಹೊರಟವನಿಗೆ ಏನನ್ನು ಬಿಡಬೇಕೆಂಬ ಸ್ವಾತಂತ್ರ್ಯವಿದೆ. ಬಿಟ್ಟದ್ದು ಏನೆಂಬುದನ್ನು ನೆನಪಿಡುವ ಕೆಲಸ ಇತಿಹಾಸದ್ದು.

ಆ ಚಿತ್ರಗಳನ್ನು ಮಾಡಿದವರ ಹೆಸರುಗಳನ್ನೇ ನೋಡಿದರೆ ಈ ನಗರ ಗುರುತುಗಳನ್ನು ಹೇಗೆ ಮರುಬರೆಯಿತೆಂಬುದು ತಿಳಿಯುತ್ತದೆ. ಕಿಶೋರ್ ಕುಮಾರ್ ಹುಟ್ಟಿನಿಂದ ಆಭಾಸ್ ಕುಮಾರ್ ಗಂಗೂಲಿ. ಸಂಜೀವ್ ಕುಮಾರ್ ಸೂರತ್ತಿನ ಹರಿಹರ ಜರಿವಾಲಾ. ಗುಲ್ಜಾರ್ ಎಂಬುದೂ ಇಟ್ಟುಕೊಂಡ ಹೆಸರೇ. ಅವಳಿಗಳ ಪಾತ್ರ ಮಾಡಿದವರೂ ಬರೆದವರೂ ಮೊದಲೇ ಎರಡೆರಡು ಹೆಸರು ಹೊತ್ತವರು. ನಮ್ಮ ನೆಲದ ಉದಾಹರಣೆಯಂತೂ ಇನ್ನೂ ಸ್ವಾರಸ್ಯಕರ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಚಿತ್ರಾಪುರ ಸಾರಸ್ವತ ಕುಟುಂಬದ ವಸಂತಕುಮಾರ ಶಿವಶಂಕರ ಪಡುಕೋಣೆ ಚಿತ್ರರಂಗದಲ್ಲಿ ಗುರುದತ್ತರಾದರು. ಕಲ್ಕತ್ತೆಯಲ್ಲಿ ಬಾಲ್ಯ ಕಳೆದವರು, ಬಂಗಾಳಿ ಬಲ್ಲವರು. ಹೆಸರಿನ ಕೊನೆಯ 'ದತ್ತ್' ಸೇರಿ ಜಗತ್ತು ಅವರನ್ನು ಬಂಗಾಳಿಯೆಂದೇ ನಂಬಿತು. ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಹಾಗೆಯೇ ನಂಬಿದ್ದಾರೆ, ನಾವು ತಿದ್ದುತ್ತಲೇ ಇದ್ದೇವೆ.

ಕಥೆಯ ಕನ್ನಡದ ಕವಲು ಒಂದು ಶತಮಾನಕ್ಕೂ ಮಿಕ್ಕಿ ಪುಸ್ತಕದಲ್ಲಿದ್ದು, 1997ರಲ್ಲಿ ತೆರೆಯ ಮೇಲೆ ಬಂತು. ಪತ್ರಕರ್ತರೂ ಲೇಖಕರೂ ಆದ ಎನ್. ಎಸ್. ಶಂಕರ್ ಅದೇ ನಾಟಕವನ್ನಾಧರಿಸಿ 'ಉಲ್ಟಾ ಪಲ್ಟಾ' ಚಿತ್ರವನ್ನು ನಿರ್ದೇಶಿಸಿದರು. ರಮೇಶ್ ಅರವಿಂದ್ ದ್ವಿಪಾತ್ರದಲ್ಲಿ ಕಾಣಿಸಿಕೊಂಡರು. ಕನ್ನಡದ ಪ್ರೇಕ್ಷಕರು ಅದನ್ನು ಹೊಸ ಕಥೆಯೆಂದೇ ನೋಡಿ ನಕ್ಕರು. ನೂರಿಪ್ಪತ್ತಾರು ವರ್ಷಗಳ ಹಿಂದೆಯೇ ಧಾರವಾಡ ಸೀಮೆಯ ಶಿಕ್ಷಣಾಧಿಕಾರಿಯೊಬ್ಬರು ಇದನ್ನು ತಮ್ಮ ಓದುಗರಿಗೆ ಹೇಳಿದ್ದರೆಂಬುದು ಎಷ್ಟು ಜನರ ನೆನಪಿಗೆ ಬಂದೀತು? ಹಡಗು ಒಡೆದು ದೂರವಾದ ಅಣ್ಣತಮ್ಮಂದಿರಂತೆ ನಮ್ಮ ಪುಸ್ತಕವೂ ನಮ್ಮ ಚಿತ್ರವೂ ಒಂದನ್ನೊಂದು ಅರಿಯದೆ ಒಂದೇ ಊರಿನಲ್ಲಿ ಬಾಳಿದವು.

ಇನ್ನೊಂದು ತಿರುವನ್ನು ಹೇಳಿ ಮುಗಿಸುತ್ತೇವೆ. 2022ರ ಡಿಸೆಂಬರಿನಲ್ಲಿ ಇದೇ ಕಥೆ ಹಿಂದಿಯಲ್ಲಿ 'ಸರ್ಕಸ್' ಎಂಬ ಹೆಸರಿನಿಂದ ಬಂತು. ಈ ಬಾರಿ ಅವಳಿಗಳಲ್ಲೊಂದು ಜೋಡಿ ಊಟಿಯಲ್ಲಿ ಬೆಳೆದದ್ದು, ಇನ್ನೊಂದು ಬೆಂಗಳೂರಿನಲ್ಲಿ ಬೆಳೆದದ್ದು. ಚಿತ್ರ ಸೋತಿತು, ಅದನ್ನು ಸಮರ್ಥಿಸುವ ಉದ್ದೇಶ ನಮಗಿಲ್ಲ. ಆದರೆ ಅದರ ನಿರ್ದೇಶಕ ರೋಹಿತ್ ಶೆಟ್ಟಿಯವರ ತಂದೆಯನ್ನು ನಮ್ಮ ಓದುಗರು ಮರೆಯಲಾರರು. ತುಳುನಾಡಿನಿಂದ ಮುಂಬಯಿಗೆ ಬಂದು ಹೊಡೆದಾಟದ ದೃಶ್ಯಗಳ ನಿರ್ದೇಶಕರಾಗಿ, ಬೋಳುತಲೆಯ ಖಳನಾಗಿ ಒಂದು ತಲೆಮಾರನ್ನು ಹೆದರಿಸಿದ ಎಂ. ಬಿ. ಶೆಟ್ಟಿ. 1978ರ 'ಡಾನ್' ಚಿತ್ರದಲ್ಲಿ, ಸತ್ತ ಅಪರಾಧಿಯ ಜಾಗಕ್ಕೆ ಅವನಂತೆಯೇ ಕಾಣುವ ಅಮಾಯಕನನ್ನು ಕಳಿಸುವ ಆ ಕಥೆಯಲ್ಲಿ, ಅವರೂ ಇದ್ದರು. ಜನ ಅವರನ್ನು ಬರಿದೆ 'ಶೆಟ್ಟಿ' ಎಂದೇ ಬಲ್ಲರು. ಈ ನಗರದಲ್ಲಿ ಶೆಟ್ಟಿಯೆಂಬುದು ಒಬ್ಬನ ಹೆಸರಲ್ಲ. ಹೋಟೆಲಿನ ಗಲ್ಲಾದ ಹಿಂದೆ ಭಟ್ಟರಿರಲಿ, ಪೂಜಾರಿಯಿರಲಿ, ನಾಯಕರಿರಲಿ, ಗಿರಾಕಿ ಕರೆಯುವುದು 'ಶೆಟ್ಟಿ' ಎಂದೋ 'ಅಣ್ಣಾ' ಎಂದೋ. ಕರೆದವನತ್ತ ತಿರುಗಿ ನೋಡುವುದನ್ನು ನಾವೂ ಕಲಿತಿದ್ದೇವೆ. ಅರ್ಧ ಶತಮಾನದಲ್ಲಿ 'ಮದ್ರಾಸಿ' ಎಂಬ ಬೈಗುಳ ಕರಗಿ 'ಅಣ್ಣಾ' ಎಂಬ ಸಲಿಗೆಯಾಗಿ ಉಳಿದಿರುವುದು ಸಣ್ಣ ಸಂಗತಿಯಲ್ಲ. ಗುರುತು ಈಗಲೂ ತಪ್ಪೇ. ಆದರೆ ಇದು ಊಟಕ್ಕೆ ಕರೆಯುವ ತಪ್ಪು.

ಷೇಕ್ಸ್‌ಪಿಯರನ ನಾಟಕದಲ್ಲಿ ಗೊಂದಲದ ಸಾಲವನ್ನೆಲ್ಲ ತೀರಿಸುವವರು ಆಳುಗಳು. ಧಣಿಗೆ ಗುರುತು ತಪ್ಪಿದಾಗಲೆಲ್ಲ ಏಟು ಬೀಳುವುದು ಡ್ರೋಮಿಯೊಗಳ ಬೆನ್ನಿಗೆ, ಕಾಳಿದಾಸನ ಬೆಸ್ತನಿಗೆ ಬಿದ್ದಂತೆ. ಕೊನೆಗೆ ತಾಯಿ ಮಕ್ಕಳನ್ನು ಗುರುತಿಸುತ್ತಾಳೆ, ಮುದುಕನ ದಂಡನೆ ದಂಡವಿಲ್ಲದೆಯೇ ರದ್ದಾಗುತ್ತದೆ, ದೊಡ್ಡವರೆಲ್ಲ ಔತಣಕ್ಕೆ ಒಳಗೆ ಹೋಗುತ್ತಾರೆ. ರಂಗದ ಮೇಲೆ ಉಳಿಯುವವರು ಇಬ್ಬರು ಆಳುಗಳು. ನಮ್ಮಲ್ಲಿ ಹಿರಿಯನಾರು, ಮೊದಲು ಒಳಗೆ ಹೋಗಬೇಕಾದವನಾರು ಎಂದು ಕ್ಷಣಕಾಲ ಚರ್ಚಿಸುತ್ತಾರೆ. ಉತ್ತರ ಸಿಗುವುದಿಲ್ಲ. ಆಗ ಒಬ್ಬರ ಹಿಂದೊಬ್ಬರು ಹೋಗದೆ, ಕೈಕೈ ಹಿಡಿದು ಜೊತೆಯಾಗಿಯೇ ಬಾಗಿಲು ದಾಟುತ್ತಾರೆ.

ನಗದವರನ್ನು ನಗಿಸುವ ಕಥೆಯೆಂದು ಚನ್ನಬಸಪ್ಪನವರು ಹೆಸರಿಟ್ಟರು. ಅಂಧೇರಿಯ ನಿಲ್ದಾಣದಲ್ಲಿ ಸಂಜೆಯ ಲೋಕಲ್ಲಿನಿಂದಿಳಿದು, ಯಾರದೋ ಹೆಗಲನ್ನು ನಮ್ಮವರದೆಂದು ತಿಳಿದು ತಟ್ಟಿ, ತಿರುಗಿದ ಮೋರೆ ಅಪರಿಚಿತವಾಗಿದ್ದಾಗ ನಾವಿಬ್ಬರೂ ನಕ್ಕುಬಿಡುತ್ತೇವೆ. ಆ ನಗೆಗೆ ಕನ್ನಡದಲ್ಲಿ ನೂರೈವತ್ತು ವರ್ಷಗಳ ವಯಸ್ಸಾಗಿದೆ.